ಹಳ್ಳದ ಪರೀಕ್ಷೆ

ಅಜ್ಜಂಪುರದಿಂದ ಬಂದು ಹಳ್ಳಕ್ಕಿಳಿಯುವಾಗಲೇ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯಿತು. ಪಕ್ಕದ ಗುಡ್ಡಕ್ಕೆ ಗಣಿ ಬರುತ್ತದಂತೆ. ಅದು ಬರುವ ಮೊದಲು ಈ ನೀರು ಹೇಗಿತ್ತೆಂದು ದಾಖಲಿಸುವುದು ನನ್ನ ಕೆಲಸ. ನಾಳೆ ನೀರು ಕೆಟ್ಟರೆ ಊರಿನವರ ಕೈಯಲ್ಲಿರುವ ಸಾಕ್ಷಿ ಅದೊಂದೇ.

"ಟೆಸ್ಟಲ್ಲಿ ಪಾಸಾಗ್ಲಿ ಅಂತ ಬೆಳಿಗ್ಗೆ ನಾನೇ ಪೌಡರ್ ಹಾಕಿಸ್ದೆ ಕಣ್ರೀ" ಎಂದರು ಪಂಚಾಯ್ತಿ ಸದಸ್ಯೆ ಗೌರಮ್ಮ. ರೇಗಿಹೋಯಿತು. ಜಾಡಿಸಬೇಕೆಂದುಕೊಂಡವನಿಗೆ ಆಕೆಯ ಮುಖದ ಹೆಮ್ಮೆ ನೋಡಿ ನಗು ಬಂತು.

ಪೌಡರ್ ಬಿದ್ದ ಜಾಗ ದಾಟಿ ಹಳ್ಳದ ಮೇಲ್ಭಾಗಕ್ಕೆ ಹತ್ತಿದೆವು. ನೀರೊಳಗಿನ ಕಲ್ಲೊಂದನ್ನೆತ್ತಿ ಬಿಳಿ ತಟ್ಟೆಯಲ್ಲಿ ತೊಳೆದೆ. ಮೂರು ಬಾಲದ ಪುಟ್ಟ ಹುಳಗಳು ತಟ್ಟೆ ತುಂಬ ಓಡಾಡಿದವು.

ಗೌರಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ಹುಳ! ಹಂಗಾದ್ರೆ ಫೇಲಾ?"

"ಇಲ್ಲಮ್ಮ, ಕೊಳಕು ನೀರಲ್ಲಿ ಇವು ಬದುಕೋದೇ ಇಲ್ಲ. ನಿಮ್ಮ ನೀರು ಚೊಕ್ಕವಾಗಿದೆ ಅಂತ ಇವೇ ಹೇಳ್ತಿವೆ."

ಆಕೆ ತಟ್ಟೆಯನ್ನೇ ದಿಟ್ಟಿಸಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ನಿಂತಿದ್ದ ಊರಿನವರಿಗೆಲ್ಲ ಕೇಳುವಂತೆ ಕೂಗಿದರು:

"ಲೇ, ಆ ಪೌಡರ್ ಮೂಟೆ ವಾಪಸ್ ತಗೊಂಡೋಗ್ರೋ! ನಮ್ಮ ಹಳ್ಳದ ತುಂಬಾ ಹುಳ ಅವೆ ಕಣ್ರೋ!"