ಪೀಪಿ ಕೇಳಿಸದ ಮುದುಕರು

ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಶಾಲೆಯಲ್ಲಿ ಅವಳು ಪೀಪಿ ಟೀಚರ್. ವ್ಯಾಯಾಮದ ಟೀಚರ್ ಕೊರಳಲ್ಲಿ ಪೀಪಿ ಇರುವುದು ಸಹಜವೇ. ಆದರೆ ಇವಳದು ಕೊರಳಿಗಿಂತ ಬಾಯಲ್ಲೇ ಹೆಚ್ಚು ಹೊತ್ತು ಇರುತ್ತಿತ್ತು. ಒಮ್ಮೆ ಟೀಚರುಗಳ ಸಭೆಯಲ್ಲಿ ಲೆಕ್ಕದ ಮೇಷ್ಟ್ರು ಮಾತು ನಿಲ್ಲಿಸುವ ಲಕ್ಷಣವೇ ಕಾಣದಿದ್ದಾಗ ಇವಳು ಮೈಮರೆತು ಊದಿಬಿಟ್ಟಳು. ಅವರೂ ಮೈಮರೆತು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟರು. ಅಂದಿನಿಂದ ಸಭೆಗೆ ಪೀಪಿ ತರಕೂಡದೆಂದು ಹೆಡ್‌ಮಿಸ್ಸರ ಅಪ್ಪಣೆಯಾಗಿದೆ.

ಇಡೀ ಶಾಲೆಯನ್ನು ಒಂದೇ ಉಸಿರಿಗೆ ಎಬ್ಬಿಸಿ ನಿಲ್ಲಿಸುವ ಈ ಹೆಂಗಸಿಗೆ ಮನೆಯಲ್ಲಿ ಒಬ್ಬರನ್ನು ಎಬ್ಬಿಸಲು ಆಗಿರಲಿಲ್ಲ. ಅದು ಅವಳ ಅಮ್ಮ. ಅಮ್ಮ ಊರಿಗೆಲ್ಲ ಅಂಚೆ ಹಂಚಿ ನಿವೃತ್ತಳಾದವಳು. ಬಿಸಿಲೆನ್ನದೆ ಮಳೆಯೆನ್ನದೆ ಸುತ್ತಿದ ಕಾಲುಗಳು, ಬೀದಿನಾಯಿಗಳಿಗೂ ಪರಿಚಯದ ಕಾಲುಗಳು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಬಿರುಕು ಬಿಟ್ಟದ್ದೇ ನೆಪ, ಕಿಟಕಿ ಪಕ್ಕದ ಕುರ್ಚಿ ಹಿಡಿದಳು. ಮೂಳೆ ಕೂಡಿಕೊಂಡು ತಿಂಗಳುಗಳಾದರೂ ಕುರ್ಚಿ ಬಿಡಲಿಲ್ಲ.

"ಮೂಳೆ ಗಟ್ಟಿಯಾಗಿದೆ, ಇನ್ನು ನಡೀಲೇಬೇಕು. ಹೀಗೇ ಕೂತಿದ್ರೆ ಆಮೇಲೆ ಬೇಕು ಅಂದ್ರೂ ಏಳಕ್ಕಾಗಲ್ಲ" ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

"ಅವರಿಗೇನಂತೆ, ಬೀಳೋಳು ನಾನು" ಅನ್ನುತ್ತಿದ್ದಳು ಅಮ್ಮ. "ನಿನ್ನ ಕವಾಯತು ಶಾಲೇಲಿ ಇಟ್ಕೊ ಮಗಳೆ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಪೀಪಿ ಟೀಚರ್ ಅಂಥ ಗಿಡವಾಗಿಬಿಟ್ಟಿದ್ದಳು. ಬೇಡಿದಳು, ಗದರಿದಳು, ಒಂದು ಬೆಳಿಗ್ಗೆ ಪೀಪಿಯನ್ನೂ ಊದಿದಳು. ಅಮ್ಮ ರೇಡಿಯೋ ಜೋರು ಮಾಡಿದಳು. ಇನ್ನು ಅಮ್ಮ ನಡೆಯುವುದೇ ಇಲ್ಲವೇನೋ ಎಂಬ ಭಯ ಅವಳ ಬೆನ್ನು ಹತ್ತಿತ್ತು.

ಆ ಭಯ ಇಟ್ಟುಕೊಂಡೇ ಅವತ್ತು ಆರನೇ ಕ್ಲಾಸಿಗೆ ಹೋದಳು. ಪಾಠ ಮುಪ್ಪಿನದು. "ಈಗಿನಿಂದ ಕಾಲಿಗೆ ಕೆಲಸ ಕೊಟ್ಟು, ಹೊತ್ತಿಗೆ ಸರಿಯಾಗಿ ಉಂಡು ಮಲಗಿದ್ರೆ, ವಯಸ್ಸಾದಾಗ ಮೈ ನಿಮ್ಮ ಮಾತು ಕೇಳುತ್ತೆ" ಎಂದಳು. ಕ್ಲಾಸು ಆಕಳಿಸಿತು. ಯಾವ ಸಾಲಾದರೂ ತಾನೇ ಮುಂದಿರಬೇಕೆನ್ನುವ, ಅದಕ್ಕೇ ಎಂಜಿನ್ ಎಂದು ಹೆಸರಾದ ಹುಡುಗಿ ಎದ್ದು, "ನಾವು ಮುದುಕರಾಗಕ್ಕೆ ಇನ್ನೂ ತುಂಬಾ ದಿನ ಇದೆ ಟೀಚರ್" ಎಂದಳು.

"ಯಾರು ಹೇಳಿದ್ದು? ಊಟದ ಬೆಲ್ಲಿನೊಳಗೆ ಆಗ್ತೀರಿ."

ಪೀಪಿ ಟೀಚರ್ ಒಂದು ಕೆಲಸ ಹಿಡಿದರೆ ಮುಗಿಯಿತು. ಎಲ್ಲರನ್ನೂ ಮೈದಾನಕ್ಕೆ ಕರೆದು ಸಲೀಸಾಗಿ ಮಡಚದಂತೆ ಮೊಣಕಾಲಿಗೆ ರಟ್ಟು ಇಟ್ಟು ಬಟ್ಟೆ ಸುತ್ತಿದಳು. ವಿಜ್ಞಾನದ ಲ್ಯಾಬಿನ ಕನ್ನಡಕಗಳಿಗೆ ಎಣ್ಣೆ ಸವರಿ ಕಣ್ಣಿಗೆ ಏರಿಸಿದಳು. ಕೈಗೆ ಕಾಲುಚೀಲ ಹಾಕಿದಳು. "ಕಾಂಪೌಂಡ್ ಗೋಡೆ ಹಿಡ್ಕೊಂಡು ಸಾಲಾಗಿ ನಡೀರಿ. ಪೀಪಿ ಊದೋವರೆಗೂ ನಿಲ್ಲಬಾರದು" ಎಂದಳು. ಕೊನೆಗೆ ತನ್ನ ಕೈಯಾರೆ ಪ್ರತಿಯೊಬ್ಬರ ಕಿವಿಗೂ ಹತ್ತಿ ತುರುಕಿದಳು.

ಮಕ್ಕಳಿಗೆ ಅಷ್ಟು ಸಿಕ್ಕಿದ್ದೇ ತಡ, ನರಳಿದರು, ಕೆಮ್ಮಿದರು, ಸೊಂಟ ಹಿಡಿದುಕೊಂಡು ಹೊರಟರು. ಎಂಜಿನ್ ಮುಂದೆ. ಅವತ್ತೇ ಬಡಗಿ ರಿಪೇರಿಗೆಂದು ಗೇಟು ಕಳಚಿದ್ದ. ಎಂಜಿನ್ ಕೈ ಗೋಡೆ ಬಿಡಲಿಲ್ಲ. ಗೋಡೆ ಮುಗಿದಲ್ಲಿ ಗೇಟಿನ ಕಂಬ ಸುತ್ತಿ ಆಚೆ ಮಗ್ಗುಲಿಗೆ ತಿರುಗಿದಳು, ಹಿಂದೆ ಇಡೀ ರೈಲೂ ತಿರುಗಿ ಬೀದಿಗೆ ಬಿತ್ತು.

ಪೀಪಿ ಟೀಚರ್ ಊದಿದಳು. ಯಾರೂ ನಿಲ್ಲಲಿಲ್ಲ. ಓಡಿಹೋಗಿ ಹಿಡಿಯಬಹುದಿತ್ತು. ಆದರೆ ಅವಳ ಪೀಪಿಗೆ ನಿಲ್ಲದ ಮಗು ಇದುವರೆಗೆ ಹುಟ್ಟಿರಲಿಲ್ಲ, ಹಾಗಾಗಿ ಮೈದಾನದ ನಡುವೆ ನಿಂತು ಮುಖ ಕೆಂಪಾಗುವವರೆಗೂ ಊದಿದಳು. ಒಂಬತ್ತನೇ ಕ್ಲಾಸಿನವರು ಪಾಠ ಬಿಟ್ಟು ಬಂದು ಸಾಲು ನಿಂತರು. ಕೊನೆಗೆ ಬಡಗಿಯೇ ಹತ್ತಿರ ಬಂದು, "ಟೀಚರಮ್ಮ, ಅವರ ಕಿವೀಲಿ ಹತ್ತಿ ಇದೆಯಲ್ವಾ?" ಎಂದು ಮೆಲ್ಲಗೆ ಕೇಳಿದ.

ಅಷ್ಟರಲ್ಲಿ ಬೀದಿ ಬದಿಯ ಶಾಲೆ ಗೋಡೆಯೂ ಮುಗಿದು ಅದಕ್ಕೇ ಅಂಟಿಕೊಂಡ ಟೀಚರ್ ಮನೆಯ ಗೋಡೆ ಶುರುವಾಗಿತ್ತು, ಅದರ ಬಾಗಿಲು ತೆರೆದಿತ್ತು.

ಅಮ್ಮ ಕುರ್ಚಿಯಿಂದ ನೋಡಿದಳು. ನಡುಮನೆಗೆ ಒಬ್ಬರ ಹಿಂದೊಬ್ಬರು ಪುಟ್ಟ ಮುದುಕರು ನುಗ್ಗುತ್ತಿದ್ದರು. "ಅಯ್ಯೋ ನನ್ನ ಸೊಂಟ" ಎಂದ ಒಬ್ಬ. "ನಮ್ಮ ಕಾಲದಲ್ಲಿ ಹೀಗಿರ್ಲಿಲ್ಲಪ್ಪ" ಎಂದಳು ಇನ್ನೊಬ್ಬಳು, ಕಪಾಟಿಗೆ.

"ಯಾರ್ರೋ ನೀವು?" ಎಂದಳು ಅಮ್ಮ. ಯಾರಿಗೂ ಕೇಳಿಸಲಿಲ್ಲ. ಅವಳಿಗೆ ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಸಿಟ್ಟು ಬಂತು. ಮುಪ್ಪೆಂದರೆ ಇದೇನಾ? ಇಷ್ಟು ಕೆಟ್ಟದಾಗಿ ಯಾವ ಮುದುಕಿ ನಡೆಯುತ್ತಾಳೆ?

ಎಂಜಿನ್ ತಡವರಿಸಿ ಗಿಡ್ಡ ಸ್ಟೂಲಿನ ಮೇಲೆ ಧೊಪ್ಪೆಂದು ಕೂತಳು. ಏಳಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿ ಮತ್ತೆ ಕೂತಳು. ನರಳಾಟ ನಿಂತಿತು. "ನಂಗೆ ಏಳಕ್ಕಾಗ್ತಿಲ್ಲ" ಎಂದಳು, ನಿಜವಾಗಿಯೂ ಹೆದರಿದ ದನಿಯಲ್ಲಿ.

ಆ ದನಿ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಪಾದ ಹಿಂದಕ್ಕೆ ಎಳ್ಕೊ ಪುಟ್ಟಿ, ಮುಂದಕ್ಕೆ ಬಾಗು" ಎಂದಳು. ಹುಡುಗಿ ಸುಮ್ಮನೆ ಎಣ್ಣೆ ಕನ್ನಡಕದಲ್ಲಿ ಅತ್ತ ಇತ್ತ ನೋಡಿದಳು. ಅಮ್ಮ ಕೂಗಿ ಹೇಳಿದಳು. ಉಹುಂ. "ಕಿವುಡಿ, ಹೀಗೆ ಕಣೆ" ಎಂದು ಪಾದ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಕುರ್ಚಿಯ ಕೈಗೆ ಅಂಗೈ ಊರಿ ಎದ್ದಳು. ಎರಡು ಹೆಜ್ಜೆ ಇಟ್ಟು ಹುಡುಗಿಯ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ತಾನೆಲ್ಲಿದ್ದೇನೆಂದು ನೋಡಿಕೊಂಡಳು. ಕುರ್ಚಿ ಹಿಂದೆ ಇತ್ತು.

ಬಾಗಿಲಲ್ಲಿ ಮಗಳು ಏದುಸಿರು ಬಿಡುತ್ತ ನಿಂತಿದ್ದಳು. ಹತ್ತಿರ ಹೋದರೆ ಅಮ್ಮ ಕೂತುಬಿಡುತ್ತಾಳೇನೋ ಎಂದು ಹೊಸ್ತಿಲು ದಾಟಲಿಲ್ಲ.

"ಬೀಳ್ತೀನೇನೆ?" ಎಂದಳು ಅಮ್ಮ.

ಮಗಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಎಂಜಿನ್ ತನ್ನ ಮುಂದೆ ಯಾರೋ ಬಂದು ನಿಂತಿದ್ದಾರೆಂದು ತಿಳಿದು, ಎಂದೂ ಮುಂದಿನ ಜಾಗ ಬಿಟ್ಟುಕೊಡದವಳು, ಅಮ್ಮನ ಸೊಂಟಕ್ಕೆ ಕೈ ಕೊಟ್ಟು ಹಿಂದೆ ನಿಂತಳು. ಅವಳ ಹಿಂದೆ ಉಳಿದವರು ಕೂಡಿಕೊಂಡರು.

"ಹಾಗಿದ್ರೆ ಇವರನ್ನ ಶಾಲೆಗೆ ಮುಟ್ಟಿಸಿ ಬರೋಣ. ತಪ್ಪು ವಿಳಾಸಕ್ಕೆ ಬಂದಿವೆ" ಎಂದಳು ಅಮ್ಮ. ಒಂದು ಕೈ ಗೋಡೆಗೆ ಊರಿ ಬಾಗಿಲು ದಾಟಿದಳು.

ರೈಲು ನಿಧಾನವಾಗಿ ಬೀದಿಯಲ್ಲಿ ಹೊರಟಿತು. ಸೈಕಲ್ಲಿನವರು ಇಳಿದು ದಾರಿ ಬಿಟ್ಟರು. ಎಲ್ಲರ ಹಿಂದೆ, ಕೊನೆಯ ಹುಡುಗನ ಭುಜ ಹಿಡಿದು ಪೀಪಿ ಟೀಚರ್ ನಡೆಯುತ್ತಿದ್ದಳು. ತಿಂಗಳುಗಳಿಂದ ತಡೆದಿದ್ದ ಅಳು ಈಗ ಬಂತು. ಪೀಪಿ ಬಾಯಲ್ಲೇ ಇತ್ತು, ಒಂದೊಂದು ಬಿಕ್ಕಿಗೂ ಪೀ, ಪೀ ಎಂದಿತು. ಹತ್ತಿ ಇಟ್ಟ ಕಿವಿಗಳಿಗೆ ಅದು ಕೇಳಿಸಲಿಲ್ಲ.

"ಅದನ್ನ ಬಾಯಿಂದ ತೆಗೆದು ಅಳು" ಎಂದಳು ಅಮ್ಮ ಮುಂದಿನಿಂದ. "ನಾನು ನಿಲ್ಲಬೇಕೋ ನಡೀಬೇಕೋ ಗೊತ್ತಾಗ್ತಿಲ್ಲ."