ತೊಂಬತ್ತು ಡಿಗ್ರಿಯ ಪ್ರಶ್ನೆ ಮತ್ತು ಶಾಂತಕುಮಾರಿ ಮೇಡಂ

ಹಾಸನದ ಸುತ್ತಮುತ್ತ ತ್ರಿಕೋನಮಿತಿಗೆ ಹೆದರದೆ ಪರೀಕ್ಷೆಗೆ ಕೂತವರಲ್ಲಿ ಅನೇಕರು ಶ್ರೀಮತಿ ಶಾಂತಕುಮಾರಿಯವರ ಶಿಷ್ಯರು. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರ ಮನೆಯಲ್ಲಿ ಹುಟ್ಟಿ, ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಪಾಠ ಹೇಳಿ, ಈಗ ಹಾಸನದ ನಮ್ಮ ಪದವಿಪೂರ್ವ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಈ ಹಿರಿಯರ ಬಗ್ಗೆ ಬರೆಯಲು ಕೂತಾಗ, ಸಹೋದ್ಯೋಗಿಯಾದ ನನಗೆ ಮೊದಲು ನೆನಪಾಗುವುದು ಒಂದು ಪೂರ್ವಸಿದ್ಧತಾ ಪರೀಕ್ಷೆ.

ಆ ವರ್ಷದ ಪ್ರಶ್ನೆಪತ್ರಿಕೆ ಅವರದೇ. ಯಾವುದೇ ತ್ರಿಭುಜದ ಮೂರು ಕೋನಗಳ ಟ್ಯಾನ್ ಬೆಲೆಗಳ ಮೊತ್ತವು ಅವುಗಳ ಗುಣಲಬ್ಧಕ್ಕೆ ಸಮವೆಂದು ಸಾಧಿಸಲು ಕೇಳಿದ್ದರು. ಶೆಟ್ಟಿಹಳ್ಳಿಯ ಸಿದ್ದೇಶ ಸಾಧಿಸಲಿಲ್ಲ. 'ಲಂಬಕೋನ ತ್ರಿಭುಜಕ್ಕೆ ಇದು ಹೊಂದದು. ಟ್ಯಾನ್ ತೊಂಬತ್ತಕ್ಕೆ ಬೆಲೆಯೇ ಇಲ್ಲ' ಎಂದಷ್ಟೇ ಬರೆದಿದ್ದ. ಮೌಲ್ಯಮಾಪನ ಮಾಡಿದವರು ಸೊನ್ನೆ ಕೊಟ್ಟು, ಅಧಿಕಪ್ರಸಂಗವೆಂದು ತರಗತಿಯಲ್ಲೇ ಗದರಿದರು. ಅವನು ಕಾಲೇಜಿಗೆ ಬರುವುದನ್ನೇ ಬಿಟ್ಟ.

ವಿಷಯ ತಿಳಿದ ಮೇಡಂ ಉತ್ತರಪತ್ರಿಕೆ ತರಿಸಿ ಓದಿದರು. "ತಪ್ಪು ನನ್ನದು ಕಣ್ರೀ. ಲಂಬಕೋನ ಬಿಟ್ಟು ಅನ್ನೋ ಶರತ್ತು ಹಾಕೋದು ಮರ್ತಿದ್ದೀನಿ" ಎಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರು ಹೇಳಿ, ಅಂದೇ ನನ್ನನ್ನೂ ಕರೆದುಕೊಂಡು ಶೆಟ್ಟಿಹಳ್ಳಿಗೆ ಹೊರಟರು.

"ಓದೋದು ಬ್ಯಾಡ, ತ್ವಾಟಕ್ಕೆ ಓಯ್ತೀನಿ ಅಂತವ್ನೆ ಮೇಡಮ್ಮೋರೆ. ಅಂಥ ತಪ್ಪೇನ್ ಮಾಡ್ದ?" ಎಂದು ಅವನ ತಾಯಿ ನೀಲಗಂಗಮ್ಮ ಅಂಜುತ್ತಲೇ ಕೇಳಿದರು.

"ತಪ್ಪು ಮಾಡಿದ್ದು ನಾನು ಕಣಮ್ಮ. ಅದನ್ನ ಹೇಳೋಕೇ ಬಂದೆ."

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಸಿದ್ದೇಶ ತಲೆ ಎತ್ತಿದ. ಮೇಡಂ ಅವನ ಕಡೆ ತಿರುಗಿ, "ನೀನು ಬರೆದಿದ್ದು ಸರಿ. ಅಲ್ಲಿಗೇ ನಿಲ್ಸಿದ್ದು ಸರಿಯಲ್ಲ. ಲಂಬಕೋನ ಬಿಟ್ಟು ಮಿಕ್ಕಿದ್ದಕ್ಕೆ ಸಾಧಿಸು, ನೋಡಾಣ" ಎಂದರು.

ಎರಡು ಕೋನಗಳ ಮೊತ್ತವೆಂದರೆ ನೂರೆಂಬತ್ತರಲ್ಲಿ ಮೂರನೆಯದನ್ನು ಕಳೆದದ್ದು. ಅಲ್ಲಿಂದ ಹೊರಟು ಎರಡೂ ಬದಿಗೆ ಟ್ಯಾನ್ ತೆಗೆದ ಸಿದ್ದೇಶ, ಭಿನ್ನರಾಶಿ ಬಂದಾಗ ನಿಂತ. "ಛೇದ ಸೊನ್ನೆ ಆಗ್ಬುಟ್ರೆ ಮೇಡಂ?"

"ಯಾವಾಗ ಆಯ್ತದೆ?"

ಸಿದ್ದೇಶ ಛೇದವನ್ನು ಸೊನ್ನೆಗೆ ಸಮ ಮಾಡಿ ನೋಡಿದ. "ಮೂರನೇದು ತೊಂಬತ್ತಾದ್ರೆ ಮಾತ್ರ. ಅದನ್ನ ಆಗ್ಲೇ ಬಿಟ್ಟಿದ್ದೀವಲ್ಲ" ಎಂದು ನಕ್ಕ. ಮಗ ನಕ್ಕಿದ್ದು ಕಂಡು ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ಕಾಸಲು ಒಳಗೆ ಹೋದರು.

ಮರುದಿನ ಮೇಡಂ ಅಂಕ ತಿದ್ದಿಸಿದರು; ತರಗತಿಯಲ್ಲಿ ಸಿದ್ದೇಶನ ಕೈಗೇ ಸೀಮೆಸುಣ್ಣ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಇಂದು ಅವನು ಚನ್ನರಾಯಪಟ್ಟಣದಲ್ಲಿ ಗಣಿತದ ಉಪನ್ಯಾಸಕ.

ಬೀಳ್ಕೊಡುಗೆಗೆ ಏನು ಕೊಡೋಣವೆಂದು ಮೊನ್ನೆ ಕೇಳಿದೆವು. "ಒಂದು ಕರಿಹಲಗೆ ಕೊಡ್ಸಿ ಸಾಕು. ನಮ್ಮ ಬೀದಿ ಮಕ್ಳು ಬತ್ತೀವಿ ಅಂದವ್ರೆ" ಎಂದರು. ಹಲಗೆ ಸಿದ್ಧವಾಗಿದೆ. ಅದರ ಮುಂದೆ ಅವರು ಆರೋಗ್ಯವಾಗಿ ಬಹುಕಾಲ ನಿಲ್ಲಲಿ. ಕೂತ ಮಕ್ಕಳು ಅವರನ್ನು ಧೈರ್ಯವಾಗಿ ಪ್ರಶ್ನಿಸುತ್ತಿರಲಿ.