ತುಳಸಿ ಕಟ್ಟೆಯ ಕೆಳಗೆ ಬೆಂಗಳೂರು

ಆ ಸಂಜೆ ಪದ್ಮತ್ತೆ ಬೆಂಗಳೂರು ರೇಡಿಯೋದಲ್ಲಿ ಹಾಡುವವಳಿದ್ದಳು. ನಾವು ಮದ್ರಾಸಿನ ಪಲ್ಲಾವರಂನಲ್ಲಿ ಕೂತು ಅದನ್ನು ಕೇಳಬೇಕಿತ್ತು.

ನಮ್ಮ ರೇಡಿಯೋ ಮಾತ್ರ ಬೆಳಗ್ಗೆಯಿಂದ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅನ್ನುತ್ತಿತ್ತು...

ಎಂಬತ್ತರ ದಶಕದ ಶುರು. ನಾನಿನ್ನೂ ಎರಡು ಜಡೆಯ ಹುಡುಗಿ. ಮನೆಯವರು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಟ್ಟು ಬೈಸಿಕೊಳ್ಳುತ್ತಿದ್ದ ವಯಸ್ಸು.

ಪದ್ಮತ್ತೆ ಅಂದರೆ ಅಪ್ಪನ ತಂಗಿ. ತಾತನೇ ಎದುರು ಕೂರಿಸಿಕೊಂಡು ಹಾಡು ಕಲಿಸಿದ ಮಗಳು. ಆಮೇಲೆ ಆಫೀಸಿನಲ್ಲಿ ಜೊತೆಗಿದ್ದ, ನಮ್ಮ ಜಾತಿಯವರಲ್ಲದ ಒಬ್ಬರನ್ನು ಮದುವೆಯಾಗಿ ಬೆಂಗಳೂರಿಗೆ ಹೊರಟುಹೋದಳು.

ಅಂದಿನಿಂದ ತಾತ ಅವಳ ಹೆಸರೆತ್ತಲಿಲ್ಲ. ನಾವೂ ಎತ್ತುವಂತಿರಲಿಲ್ಲ. ಜ್ವರ ಬಂದಾಗಲೂ ಸಂಧ್ಯಾವಂದನೆ ತಪ್ಪಿಸದ ಮನುಷ್ಯ ಅವರು, ಆಚಾರದ ವಿಷಯದಲ್ಲಿ ಅವರ ಹತ್ತಿರ ಮಾತೇ ಇಲ್ಲ.

ಅಜ್ಜಿ ಮಗಳ ದನಿ ಕೇಳಿ ವರ್ಷಗಳೇ ಆಗಿದ್ದವು.

ಬೆಂಗಳೂರಿನಿಂದ ಬಂದ ನೆಂಟರೊಬ್ಬರು ರೇಡಿಯೋ ವಿಷಯ ಹೇಳಿಹೋಗಿದ್ದರು. ಅಜ್ಜಿ ಅದನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದಳು, ಜಗಲಿಯಲ್ಲಿ ಕೂತಿದ್ದ ತಾತನಿಗೆ ಕೇಳುವಷ್ಟು ಗಟ್ಟಿಯಾಗಿ. ತಾತ ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರಿನ ಹಾಳೆಯನ್ನೂ ತಿರುವಲಿಲ್ಲ, ಅದು ಬೇರೆ ಮಾತು.

ಇನ್ನು ನಮ್ಮ ರೇಡಿಯೋ ಬಗ್ಗೆ ಹೇಳಬೇಕು.

ಅದರ ಬೆನ್ನಿನಿಂದ ಹೊರಟ ತಾಮ್ರದ ತಂತಿ ಕಿಟಕಿ ದಾಟಿ, ಹಿತ್ತಲಿನ ತುಳಸಿ ಕಟ್ಟೆಯ ಮಣ್ಣಿನೊಳಗೆ ಇಳಿದಿತ್ತು. ಅಪ್ಪ ಹಾಕಿದ ಅರ್ತ್ ವೈರ್. ಮಣ್ಣು ಒದ್ದೆಯಿದ್ದರೆ ಬೆಂಗಳೂರು ಸ್ಪಷ್ಟ, ಒಣಗಿದರೆ ಬರೀ ಗೊರಗೊರ.

ಅಜ್ಜಿ ತುಳಸಿಗೆ ನೀರು ಹಾಕಿ ದೀಪ ಹಚ್ಚಿದ ಮೇಲೆಯೇ ನಮಗೆ ಕನ್ನಡ ವಾರ್ತೆ. ಬೆಂಗಳೂರು ಆ ಗಿಡದ ಬೇರಿನ ಕೆಳಗೆಲ್ಲೋ ಇದೆ, ನೀರು ಬಿದ್ದಾಗ ಅಲ್ಲಿಯ ಜನ ಎದ್ದು ಮಾತಾಡುತ್ತಾರೆ ಎಂದು ನಾನು ಎಷ್ಟೋ ಕಾಲ ನಂಬಿದ್ದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ಬಾವಿಯಲ್ಲಿ ಕೆಸರು. ಬೀದಿಗೆ ನೀರಿನ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇದ್ದ ನೀರನ್ನು ಹಂಚುವವರು ತಾತ. ತುಳಸಿಗೆ ಉದ್ಧರಣೆಯಲ್ಲಿ ಒಂದು ಹನಿ, ಶಾಸ್ತ್ರಕ್ಕೆ. ತಮಗೆ ಸಂಜೆಯ ಸಂಧ್ಯಾವಂದನೆಗೆ ಒಂದು ಪುಟ್ಟ ಚೊಂಬು. ಅದನ್ನು ಯಾರೂ ಮುಟ್ಟುವಂತಿಲ್ಲ.

ಅವತ್ತು ಲಾರಿ ಬರಲಿಲ್ಲ. ಕೊಡದ ತಳದಲ್ಲಿದ್ದದ್ದು ಕುಡಿಯುವ ನೀರು.

ಪಾತ್ರೆ ತೊಳೆದ ನೀರನ್ನೇ ಗಿಡಕ್ಕೆ ಹಾಕೋಣ ಎಂದು ನಾನು ಉಪಾಯ ಹೇಳಿದೆ. ತುಳಸಿಗೆ ಮುಸುರೆ ನೀರಾ ಎಂದು ಅಮ್ಮ ಕಣ್ಣು ಬಿಟ್ಟಳು. ಕೊಡದ ನೀರು ಬೇಕಿದ್ದರೆ ತಾತನನ್ನು ಕೇಳಬೇಕು. ಯಾಕೆ ಎಂದು ಅವರು ಕೇಳಿದರೆ ಪದ್ಮಳ ಹೆಸರು ಹೇಳಬೇಕು.

ಅಜ್ಜಿ ಕೇಳಲಿಲ್ಲ. ಅವಳ ಹಟವೂ ತಾತನದಕ್ಕಿಂತ ಕಮ್ಮಿಯದಲ್ಲ.

ಸಂಜೆ ಸಮುದ್ರದ ಕಡೆಯಿಂದ ಗಾಳಿ ಬರುವ ಹೊತ್ತು. ಅಪ್ಪ ಆಫೀಸಿನಿಂದ ಬೇಗ ಬಂದಿದ್ದ. ರೇಡಿಯೋವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಮೆಲ್ಲಗೆ ತಲೆಗೊಂದು ಏಟು ಕೊಟ್ಟ.

ಅಜ್ಜಿ ರೇಡಿಯೋ ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿ ಕೂತಿದ್ದಾಳೆ. ಎಲ್ಲೋ ದೂರದಲ್ಲಿ ಯಾರೋ ಕನ್ನಡದಲ್ಲಿ ಏನೋ ಹೇಳಿದರು. ಅಷ್ಟರಲ್ಲಿ ಹತ್ತಿರದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ಹೇಳಿದ ಹೆಸರು ಅದರ ಸದ್ದಿನಲ್ಲಿ ಮುಳುಗಿತು.

ವಿಮಾನ ಹೋದ ಮೇಲೆ, ಗೊರಗೊರದ ಆಳದಲ್ಲಿ, ತಂಬೂರಿಯಂಥದ್ದು ಏನೋ...

"ಅವಳೇ ಏನೋ ಅದು?" ಅಂತ ಅಜ್ಜಿ ಅಪ್ಪನನ್ನು ಕೇಳುತ್ತಾಳೆ. ಅಪ್ಪನಿಗೆ ಗೊತ್ತಾಗುತ್ತಿಲ್ಲ. ಅಜ್ಜಿಯ ಮುಖ ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಆಗಲೇ ಗೊರಗೊರ ಇಳಿಯತೊಡಗಿತು.

ಮೊದಲು ಸ್ವಲ್ಪ. ಆಮೇಲೆ ಪೂರ್ತಿ. ನಡುಮನೆಯ ಮಧ್ಯದಲ್ಲಿ ಪದ್ಮತ್ತೆ ಬಂದು ಕೂತ ಹಾಗೆ ಅವಳ ದನಿ. ಮೊದಲಿಗಿಂತ ಕೊಂಚ ದಪ್ಪವಾಗಿದೆ, ಆದರೆ ಅವಳದೇ. ದೇವರನಾಮ, ತಾತ ಕಲಿಸಿದ್ದು.

ಕಿಟಕಿಯಾಚೆ, ತುಳಸಿ ಕಟ್ಟೆಯ ಹತ್ತಿರ ತಾತ ನಿಂತಿದ್ದಾರೆ. ಕೈಯಲ್ಲಿ ಸಂಧ್ಯಾವಂದನೆಯ ಚೊಂಬು, ಬೋರಲು. ಮಣ್ಣು ಕಪ್ಪಗಾಗಿದೆ, ತಾಮ್ರದ ತಂತಿ ಒದ್ದೆಯಾಗಿ ಹೊಳೆಯುತ್ತಿದೆ.

ನಮ್ಮ ಕಡೆಗೆ ಬೆನ್ನು. ಹಾಡು ಮುಗಿಯುವವರೆಗೂ ಅವರು ತಿರುಗಲಿಲ್ಲ. ಕೆಳಗೆ ಇಳಿಬಿಟ್ಟ ಬಲಗೈ ಮಾತ್ರ ತೊಡೆಯ ಮೇಲೆ ಸಣ್ಣಗೆ ತಾಳ ಹಾಕುತ್ತಿತ್ತು.

ನನಗೆ ಅಳು ಬಂತು. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ತಾತ ಒಳಗೆ ಬಂದರು. ಗಿಡ ತೀರಾ ಬಾಡಿತ್ತು ಎಂದು ಅವರೇ ಗೋಡೆಗೆ ಹೇಳಿದರು. ಅಜ್ಜಿ ಎದ್ದು ಹೋಗಿ ಕೊಡದಿಂದ ನೀರು ಬಗ್ಗಿಸಿ, ಇನ್ನೊಂದು ಚೊಂಬು ತಂದು ಅವರ ಮಣೆಯ ಪಕ್ಕ ಇಟ್ಟಳು.

"ನೀರಿಟ್ಟಿದೀನಿ. ಸಂಧ್ಯಾವಂದನೆ ಮಾಡ್ಕೊಳ್ಳಿ, ಹೊತ್ತಾಯ್ತು."

ತಾತ ಚೊಂಬನ್ನು ನೋಡಿದರು. ರೇಡಿಯೋ ಕಡೆ ಒಂದು ಸಲ ನೋಡಿದರು.

"ಇವತ್ತಿಂದು ಆಯ್ತು ಕಣೆ."

ಅಷ್ಟು ಹೇಳಿ ಜಗಲಿಗೆ ಹೋಗಿ ಕೂತರು. ಆ ಚೊಂಬು ಅಲ್ಲೇ ಇತ್ತು, ತುಂಬಿದ್ದದ್ದು ತುಂಬಿದ ಹಾಗೇ.

ನಿಮ್ಮ ಮನೆಯಲ್ಲಿ ಹಿರಿಯರ ಕೋಪ ಇಳಿದದ್ದು ನಿಮಗೆ ಹೇಗೆ ಗೊತ್ತಾಗುತ್ತಿತ್ತು?